ಬೀಗದ ಕೈ ಯಾರ ಸೊಂಟದಲ್ಲಿರಬೇಕು?

(ತೃತೀಯ ಬಿ. ಎ. ವಿದ್ಯಾರ್ಥಿಯೊಬ್ಬನ ಅಭಿಪ್ರಾಯ)

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಆ ಪೂಜಾರಿ ಈಚೆಗೆ ವೇಷ ಬದಲಾಯಿಸಿದ್ದಾನೆಂಬುದನ್ನು ಎಷ್ಟು ಮಂದಿ ಗಮನಿಸಿದ್ದಾರೋ ನಾನರಿಯೆ. ಈಗ ಅವನ ಕೈಯಲ್ಲಿ ಗಂಟೆಯಿಲ್ಲ, ಮಂಗಳಾರತಿಯ ತಟ್ಟೆಯಿಲ್ಲ. ಗಾಜಿನ ಪರದೆಯ ಹಿಂದೆ ನಿಂತು ಅವನು ಕೇಳುವುದು ಒಂದೇ ಪ್ರಶ್ನೆ: "ನಿಮ್ಮ ಓಟಿಪಿ ಎಷ್ಟು?" ಉತ್ತರ ತಪ್ಪಿದರೂ ತಡವಾದರೂ ಗುಡಿಯ ಬಾಗಿಲು ಮುಚ್ಚುತ್ತದೆ. ದಕ್ಷಿಣೆ ಕೊಟ್ಟರೂ ತೆರೆಯದು. ಏಕೆಂದರೆ ಅವನಿಗೆ ದಕ್ಷಿಣೆ ಬೇಕಿಲ್ಲ, ನಂಬರು ಬೇಕು.

ಸರ್ಕಾರದ ಆರೋಗ್ಯ ವಿಮೆಯ ಜಾಲತಾಣದೊಳಕ್ಕೆ ಪ್ರವೇಶ ಪಡೆಯುವ ಕಷ್ಟವನ್ನು ಕುರಿತು ನಾಲ್ಕು ಮಾತು ಹೇಳಲು ಹೊರಟಿದ್ದೇನೆ. ಕಾವ್ಯವಿಮರ್ಶೆಗೂ ಪ್ರವಾಸಕಥನಕ್ಕೂ ನಡುವೆ ಇಂಥ ಒಣ ವಿಷಯವೇಕೆ ಎಂದು ಸಂಪಾದಕರು ಹುಬ್ಬು ಗಂಟಿಕ್ಕಬಹುದು. ಆದರೆ ಈ ವಿಷಯದಲ್ಲಿ ನಾನು ಬರಿಯ ಪ್ರೇಕ್ಷಕನಲ್ಲ, ತಪ್ಪಿತಸ್ಥ. ತಪ್ಪೊಪ್ಪಿಗೆಗೆಂದು ವರ್ಷಕ್ಕೊಂದು ಸಂಚಿಕೆಯಲ್ಲಿ ಮೂರು ಪುಟ ಕೇಳಿದರೆ ಅದು ಹೆಚ್ಚಲ್ಲವೆಂದು ಭಾವಿಸಿದ್ದೇನೆ.

ಮೊದಲು ವರದ ವಿಚಾರ. ನಮ್ಮ ರಾಜ್ಯದಲ್ಲಿ 2018ರ ಮಾರ್ಚ್ ತಿಂಗಳಿನಲ್ಲಿ 'ಆರೋಗ್ಯ ಕರ್ನಾಟಕ' ಯೋಜನೆ ಆರಂಭವಾಯಿತು. ಅದೇ ವರ್ಷ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಕೇಂದ್ರ ಸರ್ಕಾರದ 'ಆಯುಷ್ಮಾನ್ ಭಾರತ' ಉದ್ಘಾಟನೆಯಾಯಿತು. ವರ್ಷ ಮುಗಿಯುವ ಮೊದಲೇ ಇವೆರಡೂ ಇಲ್ಲಿ ಒಂದಾದವು. ಬಿಪಿಎಲ್ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಚಿತವೆಂದೂ, ಉಳಿದವರಿಗೆ ಯೋಜನೆಯ ದರದಲ್ಲಿ ನೂರಕ್ಕೆ 30ರಷ್ಟನ್ನು 1.5 ಲಕ್ಷದ ಮಿತಿಯೊಳಗೆ ಸರ್ಕಾರ ಭರಿಸುವುದೆಂದೂ ಗೊತ್ತಾಯಿತು. ಒಂದು ಆಪರೇಷನ್ನಿಗೆ ಒಂದು ತುಂಡು ಹೊಲ ಮಾರಿದವರನ್ನು ಕಂಡಿರುವ ನಮ್ಮಂಥ ಊರುಗಳಿಗೆ ಇದು ಸಣ್ಣ ಮಾತಲ್ಲ. ಆದ್ದರಿಂದ ನಾನು ವರವನ್ನು ಹಳಿಯುತ್ತಿಲ್ಲ. ಬಾಗಿಲಿನ ಮಾತನ್ನಷ್ಟೇ ಆಡುತ್ತಿದ್ದೇನೆ.

ಆ ಬಾಗಿಲಾದರೂ ಒಂದಲ್ಲ, ಎರಡು. ಫಲಾನುಭವಿಗಳಿಗೆಂದು ಇರುವ ಜಾಲತಾಣದಲ್ಲಿ ಮೊದಲು ಯಾವುದಾದರೂ ಮೊಬೈಲ್ ನಂಬರು ಕೊಟ್ಟು, ಅದಕ್ಕೆ ಬಂದ ಓಟಿಪಿಯನ್ನು ತುಂಬಿ ಒಳಗೆ ಹೋಗಬೇಕು. ಇದು ಹೊರಬಾಗಿಲು. ಒಳಗೆ ಹೋಗಿ, ಪಟ್ಟಿಯಲ್ಲಿ ಹೆಸರು ಹುಡುಕಿ, 'ಇವರೇ ಅವರು' ಎಂದು ಸಿದ್ಧಪಡಿಸಲು ಹೊರಟಾಗ ಇನ್ನೊಂದು ಓಟಿಪಿ ಬರುತ್ತದೆ. ಇದು ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಮಾತ್ರ. ಇದು ಒಳಬಾಗಿಲು. ನೂರಕ್ಕೆ ತೊಂಬತ್ತು ಜನ ಎಡವುವುದು ಈ ಎರಡು ಬಾಗಿಲುಗಳ ನಡುವಿನ ಕತ್ತಲ ಪಡಸಾಲೆಯಲ್ಲಿ ಎಂಬುದು ಜಗಲಿಯ ಮೇಲೆ ಕುಳಿತು ನಾನು ಕಂಡುಕೊಂಡ ಸತ್ಯ. ಮೊದಲನೆಯ ಓಟಿಪಿ ಬಂದಿತಲ್ಲ, ಎರಡನೆಯದು ಏಕೆ ಬರುತ್ತಿಲ್ಲ ಎಂದು ಗುಂಡಿಯನ್ನು ಒತ್ತಿ ಒತ್ತಿ ದಣಿಯುತ್ತಾರೆ. ಆ ಹೊತ್ತಿಗೆ ಅದು ಎಂದೋ ಕಳೆದುಹೋದ ಫೋನಿಗೋ, ತೀರಿಕೊಂಡ ಮಗನ ನಂಬರಿಗೋ ಹೋಗಿ ತಣ್ಣಗೆ ಕುಳಿತಿರುತ್ತದೆ.

ಜಗಲಿಯ ಮಾತು ಬಂತು. ಪಿ.ಯು. ಪರೀಕ್ಷೆ ಮುಗಿಸಿ ಊರಿನಲ್ಲಿದ್ದ ಬೇಸಿಗೆಯಲ್ಲಿ ನಮ್ಮ ಮನೆಯ ಜಗಲಿಯೇ ಒಂದು ಕಚೇರಿಯಾಗಿತ್ತು. ನನ್ನ ಹತ್ತಿರ ಹೊಸ ಫೋನಿತ್ತು, ಕೆಲಸವಿರಲಿಲ್ಲ, ಊರಿನವರು 'ಓದಿದ ಹುಡುಗ' ಎಂದರೆ ಉಬ್ಬುವ ವಯಸ್ಸಿತ್ತು. ಬೆಳಗಿನಿಂದ ಸಂಜೆಯವರೆಗೆ ಪಡಿತರ ಚೀಟಿ, ಆಧಾರ್ ಕಾರ್ಡು ಹಿಡಿದು ಜನ ಬರುತ್ತಿದ್ದರು. ಕೆಲಸ ಸುಲಭವಾಗಿ ಆದವರು ಮೂರು ಸೌತೆಕಾಯಿ ಇಟ್ಟು ಹೋಗುತ್ತಿದ್ದರು. ಆಗದವರು ಸರ್ಕಾರವನ್ನು ಬಯ್ದು, ನನ್ನನ್ನು ಹರಸಿ ಹೋಗುತ್ತಿದ್ದರು.

ಈ ಎರಡನೆಯ ವರ್ಗದಲ್ಲಿ ಹಿಂದಿನ ಬೀದಿಯ ಮಗ್ಗದ ತಾತನೂ ಇದ್ದರು. ಅರುವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕುಳಿತು ಸೀರೆ ನೇಯ್ದವರು. ಅವರ ಆಧಾರ್‌ಗೆ ಯಾವ ನಂಬರೂ ಜೋಡಣೆಯಾಗಿರಲಿಲ್ಲ. ಅವರ ಬಳಿ ಫೋನೂ ಇರಲಿಲ್ಲ. ನಾನೇ ಅವರನ್ನು ಹೋಬಳಿಯ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋದೆ. "ಮೊಬೈಲ್ ನಂಬರ್ ಯಾವುದು?" ಎಂದು ಅಲ್ಲಿನ ಹುಡುಗ ಕೇಳಿದಾಗ ತಾತ ನನ್ನ ಮುಖ ನೋಡಿದರು. "ನಿಂದೇ ಬರೆಸಪ್ಪ, ನೀನಾದರೆ ಓದಿದೋನು" ಎಂದರು. ಬರೆಸಿದೆ. ಕೆಲವು ದಿನಗಳಲ್ಲಿ ಓಟಿಪಿ ನನ್ನ ಫೋನಿಗೇ ಬಂತು, ಕಾರ್ಡೂ ಆಯಿತು. ಎಷ್ಟು ಸುಲಭ! ಅದೇ ರೀತಿ ಇನ್ನು ಮೂರು ಮನೆಯವರಿಗೂ ಮಾಡಿಸಿಕೊಟ್ಟೆ. ನಾಲ್ಕು ಮನೆಯ ಬೀಗದ ಕೈಗಳು ನನ್ನ ಅಂಗಿಯ ಜೇಬಿಗೆ ಬಂದವು. ಅದು ಭಾರವೆಂದು ನನಗೆ ಆಗ ಅನ್ನಿಸಲಿಲ್ಲ, ಹೆಮ್ಮೆ ಎನ್ನಿಸಿತು.

ಕಾಲೇಜಿಗೆ ಸೇರಿ ಹಾಸ್ಟೆಲಿಗೆ ಬಂದ ಮೇಲೆ ಕಡಮೆ ದರದ ಹೊಸ ಸಿಮ್ಮೊಂದು ಸಿಕ್ಕಿತು. ಹಳೆಯ ನಂಬರನ್ನೇ ಇಟ್ಟುಕೊಂಡು ಕಂಪನಿ ಬದಲಾಯಿಸಲು ಬರುತ್ತಿತ್ತು; ಆ ತಾಪತ್ರಯ ಏಕೆಂದು ಹಳೆಯದಕ್ಕೆ ಹಣ ಹಾಕಿಸುವುದನ್ನು ನಿಲ್ಲಿಸಿದೆ. ಹೀಗೆ ನಿಂತುಹೋದ ನಂಬರನ್ನು ಕಂಪನಿಯವರು ಕನಿಷ್ಠ 90 ದಿನ ಯಾರಿಗೂ ಕೊಡುವಂತಿಲ್ಲ. ಆಮೇಲೆ ಬೇರೆಯವರಿಗೆ ಕೊಡಬಹುದು. ಈ ನಿಯಮ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಆ ನಾಲ್ಕು ಮನೆಗಳು ನೆನಪಿಗೆ ಬರುತ್ತಿದ್ದುವೆಂದು ಪ್ರಮಾಣಮಾಡಿ ಹೇಳಲಾರೆ.

ಎರಡನೆಯ ವರ್ಷದ ಮಳೆಗಾಲದಲ್ಲಿ ಮಗ್ಗದ ತಾತ ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಜಿಲ್ಲಾ ಕೇಂದ್ರದ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಅಲ್ಲಿಂದ ಅವರ ಮಗನ ಫೋನು ಬಂತು: "ತಮ್ಮ, ನಿನ್ನ ಮೊಬೈಲಿಗೆ ಒಂದು ನಂಬರ್ ಬಂದೈತಂತೆ, ಬೇಗ ಹೇಳು." ನನ್ನ ಬಾಯಿ ಒಣಗಿತು. ಹಳೆಯ ನಂಬರಿಗೆ ನಾನೇ ಕರೆಮಾಡಿದೆ. ಅತ್ತ ಕಡೆಯಿಂದ ಹುಬ್ಬಳ್ಳಿಯ ಸೀಮೆಯ ವರ್ತಕರೊಬ್ಬರು ಮಾತನಾಡಿದರು. ಅವರು ಆ ಸಿಮ್ಮು ಕೊಂಡು ಎರಡು ತಿಂಗಳಾಗಿತ್ತು. ನಾನು ಗದ್ಗದ ಕಂಠದಿಂದ ಎಲ್ಲವನ್ನೂ ವಿವರಿಸಿ, ಈಗ ಬಂದಿರುವ ಓಟಿಪಿಯನ್ನು ಓದಿ ಹೇಳಬೇಕೆಂದು ಬೇಡಿಕೊಂಡೆ.

"ಯಾರಿಗೂ ಹೇಳಬ್ಯಾಡ್ರಿ ಅಂತ ಅದರಾಗೇ ಬರದಾರಲ್ಲೋ ತಮ್ಮಾ" ಎಂದರು ಅವರು. "ನೀ ಯಾರೋ, ಆ ಮುದುಕ ಯಾರೋ, ನನಗೇನು ಗೊತ್ತು? ತಪ್ಪು ತಿಳೀಬ್ಯಾಡ." ಫೋನು ಇಟ್ಟರು.

ಆ ಕ್ಷಣದಲ್ಲಿ ಅವರಷ್ಟು ಕಠಿಣಹೃದಯದವರು ಲೋಕದಲ್ಲಿಲ್ಲವೆಂದು ತೋರಿತು. ರಾತ್ರಿ ಮಲಗಿದಾಗ ಹೊಳೆಯಿತು: ಈ ಪ್ರಕರಣದಲ್ಲಿ ನಿಯಮವನ್ನು ಸರಿಯಾಗಿ ಪಾಲಿಸಿದವರು ಅವರೊಬ್ಬರೇ.

ಆಸ್ಪತ್ರೆಯಲ್ಲಿ ಮುಂದೆ ನಡೆದುದನ್ನು ಮಗ ಆಮೇಲೆ ಹೇಳಿದ. ಓಟಿಪಿ ಇಲ್ಲದಿದ್ದರೆ ಬೆರಳಚ್ಚು ಕೊಡಬಹುದು. ಆರೋಗ್ಯಮಿತ್ರರು ಯಂತ್ರವನ್ನು ಹಾಸಿಗೆಯ ಬಳಿಗೇ ತಂದರು. ಆದರೆ ಅರುವತ್ತು ವರ್ಷ ನೂಲು ಎಳೆದ ಹೆಬ್ಬೆರಳಿನಲ್ಲಿ ಗೆರೆಗಳೆಲ್ಲಿ ಉಳಿದಿರಬೇಕು? ಒಂದಾದ ಮೇಲೊಂದು ಬೆರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಇಟ್ಟರು. ಮರುದಿನ ಮಧ್ಯಾಹ್ನ ಎಡಗೈಯ ಉಂಗುರದ ಬೆರಳನ್ನು ಯಂತ್ರ ಒಪ್ಪಿತು. ಅಷ್ಟರಲ್ಲಿ, ಅನುಮತಿ ಬರುವವರೆಗೆ ಮುಂಗಡ ಕಟ್ಟಿ ಎಂದರೆಂದು, ಸೊಸೆಯ ಓಲೆಯನ್ನು ಗಿರವಿಯಿಟ್ಟು 12,000 ರೂಪಾಯಿ ಕಟ್ಟಿಯಾಗಿತ್ತು. ಮುಂಗಡ ಆಮೇಲೆ ಹಿಂದಿರುಗಿತು. ಗಿರವಿಯ ಬಡ್ಡಿ ಹಿಂದಿರುಗಲಿಲ್ಲ. ಒಂದೂವರೆ ದಿನ ಮುರಿದ ಮೂಳೆಯೊಡನೆ ತಾತ ಪಟ್ಟ ನೋವಂತೂ ಯಾವ ಲೆಕ್ಕದಲ್ಲೂ ಇಲ್ಲ.

ನನ್ನದು ಒಬ್ಬ ಹುಡುಗನ ಅವಿವೇಕವೆಂದು ವಾಚಕರು ತಳ್ಳಿಹಾಕಬಹುದು. ನಾನೂ ಹಾಗೆಯೇ ಎಂದುಕೊಂಡಿದ್ದೆ. ಆದರೆ 2023ರ ಆಗಸ್ಟಿನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿಯಲ್ಲಿ ಒಂದು ಸಂಗತಿಯಿತ್ತು: ಆಯುಷ್ಮಾನ್ ಭಾರತದ ದಾಖಲೆಗಳಲ್ಲಿ 7,49,820 ಮಂದಿಯ ಹೆಸರಿನ ಎದುರಿಗೆ 9999999999 ಎಂಬ ಒಂದೇ ಮೊಬೈಲ್ ನಂಬರು ಇತ್ತು! ಅರ್ಹತೆಯನ್ನು ನಿರ್ಧರಿಸುವುದು ಮೊಬೈಲ್ ನಂಬರಲ್ಲ, ಅದು ಸಂಪರ್ಕಕ್ಕೆಂದು ಮಾತ್ರ ಇರುವುದು ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಇರಬಹುದು. ಆದರೆ ಅಷ್ಟು ಒಂಬತ್ತುಗಳನ್ನು ಯಾರೋ ಕುಳಿತು ಒತ್ತಿದ್ದಾರೆ. ಎದುರಿಗೆ ನಿಂತವನಿಗೆ ಫೋನಿಲ್ಲ, ಯಂತ್ರ ಮಾತ್ರ ಹತ್ತು ಅಂಕಿ ಬೇಕೇ ಬೇಕೆನ್ನುತ್ತದೆ, ಹಿಂದೆ ಸಾಲು ಬೆಳೆಯುತ್ತಿದೆ. ಇಂಥ ಹೊತ್ತಿನಲ್ಲಿ ಬೆರಳು ತಾನಾಗಿಯೇ ಒಂಬತ್ತರ ಕಡೆಗೆ ಹೋಗಿರಬೇಕು. ನಾನು ನನ್ನ ನಂಬರು ಬರೆಸಿದೆ. ಅವರು ಯಾರದೂ ಅಲ್ಲದ ನಂಬರು ಬರೆದರು. ರೋಗ ಒಂದೇ. ಬಡವನ ಬಳಿ ಇಲ್ಲದ ವಸ್ತುವನ್ನು ಬಾಗಿಲಿನಲ್ಲಿ ಕಡ್ಡಾಯ ಮಾಡಿದರೆ ಅವನು ಅದನ್ನು ಕಡ ತರುತ್ತಾನೆ. ಕಡ ತಂದ ಬೀಗದ ಕೈಯಿಂದ ಒಂದು ಸಲ ಬಾಗಿಲು ತೆರೆಯಬಹುದು. ಎರಡನೆಯ ಸಲ ತೆರೆದೀತೆಂಬ ಭರವಸೆಯಿಲ್ಲ.

ಗುಟ್ಟಿನ ಮಾತಿನಿಂದ ಬಾಗಿಲು ತೆರೆಸುವ ಪದ್ಧತಿ ಗಣಕಯಂತ್ರಗಳಿಗೆ ಬಂದದ್ದು 1961ರ ಸುಮಾರಿಗೆ, ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆಯನ್ನು ರೂಪಿಸಿದ ಫರ್ನಾಂಡೋ ಕೊರ್ಬಾಟೊ ಎಂಬವರು ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಕೊಟ್ಟರು. ಮರುವರ್ಷವೇ ಅಲ್ಲಿನ ಸಂಶೋಧಕನೊಬ್ಬ, ತನಗೆ ಯಂತ್ರದ ಹೊತ್ತು ಸಾಲದೆಂದು, ಎಲ್ಲರ ಪಾಸ್‌ವರ್ಡುಗಳ ಪಟ್ಟಿಯನ್ನೇ ಅಚ್ಚುಮಾಡಿಸಿಕೊಂಡ! ಬೀಗವೂ ಕಳ್ಳತನವೂ ಅವಳಿಜವಳಿಗಳೆಂದರೆ ತಪ್ಪಾಗಲಾರದು. 2003ರಲ್ಲಿ ಅಮೆರಿಕ ಸರ್ಕಾರದ ಮಾನಕ ಸಂಸ್ಥೆಯ ಬಿಲ್ ಬರ್ ಎಂಬವರು ಬರೆದ ಕೈಪಿಡಿಯಿಂದ ದೊಡ್ಡಕ್ಷರ, ಅಂಕಿ, ಚಿಹ್ನೆ ಎಲ್ಲವನ್ನೂ ಬೆರೆಸಿ ಆಗಾಗ್ಗೆ ಬದಲಾಯಿಸಬೇಕೆಂಬ ಆಚಾರ ಲೋಕವೆಲ್ಲ ಹಬ್ಬಿತು. 2017ರಲ್ಲಿ ಅದೇ ಸಂಸ್ಥೆ ಆ ಆಚಾರವನ್ನು ಕೈಬಿಟ್ಟಿತು. ತಾವು ಅಂದು ಮಾಡಿದುದರಲ್ಲಿ ಬಹುಪಾಲಿಗೆ ಈಗ ಪಶ್ಚಾತ್ತಾಪಪಡುತ್ತಿರುವುದಾಗಿ ಬರ್ ಅವರೂ ಒಪ್ಪಿಕೊಂಡರು. ನೆನಪಿನಲ್ಲಿಡಲಾಗದ ಗುಟ್ಟನ್ನು ಮನುಷ್ಯ ಬರೆದಿಡುತ್ತಾನೆ, ಬರೆದಿಟ್ಟ ಗುಟ್ಟು ಗುಟ್ಟಲ್ಲ ಎಂಬುದು ಅಷ್ಟು ದೊಡ್ಡವರಿಗೆ ತಿಳಿಯಲು ಹದಿನಾಲ್ಕು ವರ್ಷ ಬೇಕಾಯಿತು. ನಮ್ಮ ಅಕ್ಕ ಗಾರ್ಮೆಂಟ್ಸ್ ಕೆಲಸದವಳು, ಅವಳ ಇ.ಎಸ್.ಐ. ಜಾಲತಾಣದ ಪಾಸ್‌ವರ್ಡ್ ನಮ್ಮ ದೇವರ ಮನೆಯ ಕ್ಯಾಲೆಂಡರಿನ ಯುಗಾದಿಯ ಚೌಕದಲ್ಲಿದೆ. ಹೊಸ ವರ್ಷ ಬಂದಾಗ ಅಮ್ಮ ಆ ಕ್ಯಾಲೆಂಡರನ್ನು ತೆಗೆಯಲು ಬಿಡುವುದಿಲ್ಲ.

ಇದೆಲ್ಲ ನಮ್ಮ ಬಡತನದ, ಅಜ್ಞಾನದ ಫಲ ಎನ್ನುವವರು ಅದೇ ಅಮೆರಿಕದ ಇನ್ನೊಂದು ಕಥೆಯನ್ನು ಕೇಳಬೇಕು. 2013ರ ಅಕ್ಟೋಬರ್ 1ರಂದು ಅಲ್ಲಿನ ಸರ್ಕಾರ ಆರೋಗ್ಯ ವಿಮೆ ಕೊಳ್ಳಲೆಂದು 'ಹೆಲ್ತ್‌ಕೇರ್ ಡಾಟ್ ಗವ್' ಎಂಬ ಜಾಲತಾಣವನ್ನು ತೆರೆಯಿತು. ಯಾವ ವಿಮೆಗೆ ಎಷ್ಟು ಬೆಲೆ ಎಂದು ನೋಡಬೇಕಾದರೂ ಮೊದಲು ಖಾತೆ ತೆರೆದು ಲಾಗಿನ್ ಆಗಬೇಕೆಂದು ನಿಯಮ ಮಾಡಿದ್ದರು. ಲಕ್ಷಾಂತರ ಜನ ಒಮ್ಮೆಗೇ ಆ ಬಾಗಿಲಿಗೆ ಬಂದರು. ಬಾಗಿಲೇ ಕುಸಿಯಿತು. ಮೊದಲ ದಿನ ವಿಮೆ ಪಡೆಯಲು ಸಾಧ್ಯವಾದದ್ದು ಆರೇ ಆರು ಜನಕ್ಕೆ. ಅಲ್ಲಿ ಬಂದವರು ಅಕ್ಷರ ಬಾರದವರಲ್ಲ, ಫೋನಿಲ್ಲದವರೂ ಅಲ್ಲ. ಆಮೇಲೆ ಲಾಗಿನ್ ಇಲ್ಲದೆಯೇ ಬೆಲೆ ನೋಡಲು ಅವಕಾಶ ಕೊಟ್ಟರು. ಹಗಲಿರುಳು ದುಡಿದು ಎರಡು ತಿಂಗಳಲ್ಲಿ ಜಾಲತಾಣವನ್ನು ಒಂದು ಸ್ಥಿತಿಗೆ ತಂದರು. ಮುಂದೆ ಆ ಲಾಗಿನ್ ವ್ಯವಸ್ಥೆಯನ್ನೇ ಬದಲಾಯಿಸಿದರು. ಬಂದವರನ್ನು ದಡ್ಡರೆನ್ನದೆ ಬಾಗಿಲನ್ನು ತಿದ್ದಿದರೆಂಬುದನ್ನು ನಾವು ಗಮನಿಸಬೇಕು.

ಹಾಗಾದರೆ ಬೀಗವೇ ಬೇಡವೆ? ಬೇಕು. ಮನುಷ್ಯನ ಕಾಯಿಲೆ ಅವನ ಸ್ವಂತ ವಿಷಯ. ಯಾರ ಹೆಸರಿನಲ್ಲೋ ಯಾರೋ ಚಿಕಿತ್ಸೆ ಪಡೆದು ಬೊಕ್ಕಸವನ್ನು ಬರಿದುಮಾಡುವುದೂ ಸಲ್ಲದು. ಹುಬ್ಬಳ್ಳಿಯ ವರ್ತಕರಲ್ಲದೆ ಇನ್ನಾರೋ ದುರಾಸೆಯವರ ಕೈಗೆ ನನ್ನ ಹಳೆಯ ನಂಬರು ಹೋಗಿದ್ದರೆ ನಾಲ್ಕು ಮನೆಗಳ ಗತಿ ಏನಾಗುತ್ತಿತ್ತೋ! ನನ್ನ ವಾದವಿಷ್ಟೆ: ಬೀಗ ಇರುವುದು ಕಳ್ಳನನ್ನು ತಡೆಯಲು. ಅದು ಯಜಮಾನನನ್ನೇ ತಡೆದರೆ ಯಜಮಾನನನ್ನು ಗುರುತು ಹಿಡಿಯುವ ಮನುಷ್ಯನೊಬ್ಬ ಬಾಗಿಲಲ್ಲಿರಬೇಕು.

ಇದು ನನ್ನ ಹೊಸ ಸಿದ್ಧಾಂತವೇನೂ ಅಲ್ಲ. ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರ್ 24ರ ಸುತ್ತೋಲೆಯಲ್ಲಿ, ದೃಢೀಕರಣ ವಿಫಲವಾಯಿತೆಂಬ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ತಪ್ಪಿಸಬಾರದು, ಬೇರೆ ದಾರಿ ಇರಬೇಕು ಎಂದು ತಿಳಿಸಿದೆ. ಆಧಾರ್ ವಿಷಯವನ್ನು 2012ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದವರಲ್ಲಿ ಮೊದಲಿಗರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರು ನೆನೆಯತಕ್ಕ ವಿಷಯ. 2018ರ ಸೆಪ್ಟೆಂಬರ್ 26ರ ತೀರ್ಪು ಸರ್ಕಾರದ ಸೌಲಭ್ಯಗಳಿಗೆ ಆಧಾರ್ ಬಳಸುವುದನ್ನು ಎತ್ತಿಹಿಡಿಯಿತು. ಯಂತ್ರ ಗುರುತು ಹಿಡಿಯದವರು ಹೊರಗುಳಿಯಬಾರದೆಂಬ ಕಾಳಜಿಯೂ ಅಲ್ಲಿ ವ್ಯಕ್ತವಾಯಿತು. ಕಾಗದದ ಮೇಲೆ ನ್ಯಾಯ ಸಿದ್ಧವಾಗಿದೆ. ಅದು ಆಸ್ಪತ್ರೆಯ ಮೇಜಿನವರೆಗೆ ನಡೆದು ಬರಬೇಕಾಗಿದೆ.

ಅದು ಬರುವವರೆಗೆ ನಾವೇನು ಮಾಡಬಹುದು? ಜಗಲಿಯ ಕಚೇರಿಯಲ್ಲಿ ಕಲಿತುದನ್ನು ಸಂಗ್ರಹವಾಗಿ ಹೇಳುತ್ತೇನೆ. ಮೊದಲನೆಯದಾಗಿ, ಆರೋಗ್ಯವಾಗಿರುವಾಗಲೇ ಬೀಗದ ಕೈ ಹುಡುಕಬೇಕು. ಆಧಾರ್‌ಗೆ ಯಾವ ನಂಬರು ಜೋಡಣೆಯಾಗಿದೆ ಎಂಬುದರ ಕೊನೆಯ ಮೂರು ಅಂಕಿಗಳನ್ನು ಪ್ರಾಧಿಕಾರದ ಜಾಲತಾಣದಲ್ಲಿ ನೋಡಬಹುದು. ನಂಬರು ಹಳೆಯದಾಗಿದ್ದರೆ ಆಧಾರ್ ಕೇಂದ್ರದಲ್ಲಿ ಯಾವ ದಾಖಲೆಯೂ ಇಲ್ಲದೆ, ಬೆರಳು ಕೊಟ್ಟು ಬದಲಾಯಿಸಿಕೊಳ್ಳಬಹುದು. ಮನೆಯ ಬಾಗಿಲಲ್ಲೇ ಇದನ್ನು ಮಾಡಿಕೊಡುವ ಸೇವೆಯನ್ನು ಅಂಚೆಯವರು 2021ರ ಜುಲೈನಲ್ಲಿ ಆರಂಭಿಸಿದರು. ಎರಡನೆಯದಾಗಿ, ಓಟಿಪಿ ಬಾರದಿದ್ದರೆ ಗುಂಡಿಯನ್ನು ಪದೇ ಪದೇ ಒತ್ತಬಾರದು. ಯಾವ ಬಾಗಿಲಿನ ಓಟಿಪಿ, ಯಾವ ಫೋನಿಗೆ ಹೋಗಿದೆ ಎಂದು ಮೊದಲು ವಿಚಾರಮಾಡಬೇಕು. ಮೂರನೆಯದಾಗಿ, ಬೆರಳು, ಕಣ್ಣು, ಮುಖ ಇವುಗಳಿಂದಲೂ ಗುರುತು ಸಿದ್ಧಪಡಿಸಲು ಅವಕಾಶವಿದೆಯೆಂಬುದನ್ನು ಹಿರಿಯರಿಗೆ ತಿಳಿಸಬೇಕು. ನಾಲ್ಕನೆಯದಾಗಿ, 14 ಅಂಕಿಗಳ 'ಆಭಾ' ಕಾರ್ಡನ್ನೇ ವಿಮೆಯ ಕಾರ್ಡೆಂದು ನಂಬಿ ಕೂರಬಾರದು. ಅದು ಆರೋಗ್ಯ ದಾಖಲೆಗಳ ಖಾತೆ, ವಿಮೆಯಲ್ಲ. ದಾರಿ ಕಾಣದಿದ್ದಾಗ 14555ಕ್ಕೆ ಫೋನು ಮಾಡಬಹುದು. ಸಾವಿರಾರು ರೂಪಾಯಿ ಕೇಳುವ ದಲ್ಲಾಳಿಯ ಕಾಲು ಹಿಡಿಯಬೇಕಾಗಿಲ್ಲ.

ಕೊನೆಯದು ನನ್ನ ಸಹಪಾಠಿಗಳಿಗೆ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ನಾವು ಚರಂಡಿ ತೆಗೆಯುತ್ತೇವೆ, ಗಿಡ ನೆಡುತ್ತೇವೆ. ಅದರ ಜೊತೆಗೆ ಒಂದು ದಿನ ಊರಿನ ಚಾವಡಿಯಲ್ಲಿ ಕುಳಿತು ಮನೆಮನೆಯ ನಂಬರುಗಳನ್ನು ಸರಿಪಡಿಸಿಕೊಡಬಾರದೇಕೆ? ಆದರೆ ಒಂದು ವ್ರತ ತೊಡಬೇಕು: ಬಾಗಿಲು ತೋರಿಸೋಣ, ಬಾಗಿಲವರೆಗೆ ಕೈಹಿಡಿದು ನಡೆಸೋಣ, ಬೀಗದ ಕೈಯನ್ನು ಮಾತ್ರ ನಮ್ಮ ಜೇಬಿಗೆ ಹಾಕಿಕೊಳ್ಳದಿರೋಣ. ಉಪಕಾರ ಮಾಡುತ್ತೇನೆಂದು ಇನ್ನೊಬ್ಬರ ಸ್ವಾಧೀನವನ್ನು ಕಸಿದುಕೊಳ್ಳುವುದು ಬಹಳ ಸುಲಭ. ಕಸಿದುಕೊಂಡವನಿಗೇ ಅದು ತಿಳಿಯುವುದಿಲ್ಲ.

ಕಳೆದ ದಸರಾ ರಜೆಯಲ್ಲಿ ನಾಲ್ಕು ಮನೆಯವರನ್ನೂ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ನಂಬರು ಬದಲಾಯಿಸಿಸಿದೆ. ಮಗ್ಗದ ತಾತ ಕೋಲೂರಿಕೊಂಡು ಬಂದರು. ಮಗ ಅವರಿಗೊಂದು ಗುಂಡಿಯ ಫೋನು ಕೊಡಿಸಿದ್ದಾನೆ. ಅದು ಎಲೆಯಡಿಕೆಯ ಚೀಲದಲ್ಲಿ, ಸೊಂಟದಲ್ಲಿದೆ. ಅವರಿಗೆ ಅಕ್ಷರ ಬಾರದು. ಆದರೆ ಆಯುಸ್ಸೆಲ್ಲ ಎಳೆ ಎಣಿಸಿದವರಿಗೆ, ಬಸ್ಸಿನ ನಂಬರು ಓದುವವರಿಗೆ, ಅಂಕಿ ಬರುತ್ತದೆ. ಇದನ್ನು ಎರಡು ವರ್ಷದ ಹಿಂದೆ ನಾನು ಅವರನ್ನು ಕೇಳಿಯೇ ಇರಲಿಲ್ಲ.

"ಇದರಾಗೆ ನಂಬರ್ ಬಂದ್ರೆ ಯಾರಿಗೂ ಹೇಳಬಾರದಂತೆ. ನಿಂಗೂ ಹೇಳಬಾರದೇನಪ್ಪ?" ಎಂದರು.

"ನನಗೂ ಹೇಳಬೇಡಿ ತಾತ" ಎಂದೆ.